ಮಧ್ಯಾಹ್ನ ಓಡುವ ಕ್ವೆರಿ ಬೆಳಗ್ಗೆ ಯಾಕೆ ನಿಲ್ಲುತ್ತದೆ?

ನಮ್ಮ ಕಡೆಯ ಒಂದು ಹಾಲಿನ ಡೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಕೆಲವು ವರ್ಷ ನನ್ನ ಮೇಲಿತ್ತು. ಹಾಲು ಹಾಕುವವರು ಸುಮಾರು 600 ಜನ. ಬೆಳಗ್ಗೆ ಆರಕ್ಕೆಲ್ಲ ಕ್ಯಾನ್ ಹಿಡಿದು ಸಾಲು ನಿಲ್ಲುತ್ತಿದ್ದರು. ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡಬೇಕು. ಚೀಟಿಯ ಕೊನೆಯಲ್ಲಿ ಈ ಹದಿನೈದು ದಿನದ ಒಟ್ಟು ಲೆಕ್ಕವೂ ಬರಬೇಕು. ಆ ಒಟ್ಟು ತರುವ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, 9 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಒಬ್ಬರಿಗೆ 9 ಸೆಕೆಂಡ್ ಅಂದರೆ ಏನೂ ಅನ್ನಿಸುವುದಿಲ್ಲ. 200 ಜನ ಸಾಲಿನಲ್ಲಿದ್ದರೆ ಬರೀ ಕಾಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಅಷ್ಟರಲ್ಲಿ ಹಾಲಿನ ಲಾರಿ ಬಂದು ನಿಂತಿರುತ್ತದೆ.

ಕಾರ್ಯದರ್ಶಿ ಫೋನ್ ಮಾಡಿದರು. ನಾನು ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಅದೇ ಕ್ವೆರಿಯನ್ನು ಕೈಯಿಂದ ಟೈಪ್ ಮಾಡಿ ಓಡಿಸಿದೆ. ಮೊದಲ ಸಲ 9 ಸೆಕೆಂಡ್. ಎರಡನೇ ಸಲ 0.00 ಸೆಕೆಂಡ್. ಮೂರನೇ ಸಲವೂ 0.00. ಒಂದೆರಡು ಸೆಟ್ಟಿಂಗ್ ಬದಲಿಸಿ, ಮತ್ತೆ ಓಡಿಸಿ ನೋಡಿ, ಸರಿಹೋಯಿತು ಅಂತ ಹೇಳಿ ಬಂದೆ. ಮರುದಿನ ಬೆಳಗ್ಗೆ 6:20ಕ್ಕೆ ಮತ್ತೆ ಫೋನ್. "ಸಾರ್, ನೀವಿದ್ದಾಗ ಓಡುತ್ತೆ, ಜನ ಬಂದಾಗ ನಿಂತುಬಿಡುತ್ತೆ."

ಆ ಒಂದು ಮಾತಿನಲ್ಲೇ ಉತ್ತರ ಪೂರ್ತಿ ಇತ್ತು. ನನಗೆ ಅದು ಅರ್ಥವಾಗಲು ಎರಡು ದಿನ ಬೇಕಾಯಿತು. ಈ ಲೇಖನ ಆ ಎರಡು ದಿನದ ಬಗ್ಗೆ.

ಮೊದಲು ಕ್ಯಾಶ್ ಅಂದರೇನು ಅಂತ ನೋಡಿಬಿಡೋಣ. ಇದು ದುಡ್ಡಿನ ಕ್ಯಾಶ್ ಅಲ್ಲ, ಮತ್ತೆ ಬೇಕಾಗಬಹುದು ಅಂತ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವ ಜಾಗ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಳ್ಳಿ. ನೀವು ಯಾವುದೋ ಹಳೆಯ ದಾಖಲೆ ಕೇಳುತ್ತೀರಿ. ಗುಮಾಸ್ತರು ಒಳಗೆ ಹೋಗಿ, ಬಟ್ಟೆ ಕಟ್ಟು ಬಿಚ್ಚಿ, ರಿಜಿಸ್ಟರ್ ಹೊರಗೆ ತಂದು, ಪುಟ ತಿರುವಿ, ಉತ್ತರ ಹೇಳುತ್ತಾರೆ. ರೆಕಾರ್ಡ್ ರೂಮ್ ಅಂದರೆ ಡಿಸ್ಕ್. ಪದೇ ಪದೇ ಬೇಕಾಗುವ ರಿಜಿಸ್ಟರನ್ನು ಅವರು ವಾಪಸ್ ಇಡದೆ ಮೇಜಿನ ಮೇಲೇ ಇಟ್ಟುಕೊಂಡರೆ, ಅದು ಬಫರ್ ಪೂಲ್. ಪುಟ ಮತ್ತೆ ತಿರುವಲೇಬೇಕು, ಆದರೆ ಒಳಗೆ ಓಡಾಡುವುದು ತಪ್ಪಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೇಳಿದ ಉತ್ತರವನ್ನೇ ಚೀಟಿಯಲ್ಲಿ ಬರೆದು ಡ್ರಾಯರ್‌ಗೆ ಹಾಕಿಕೊಂಡರೆ, ಅದು ಕ್ವೆರಿ ಕ್ಯಾಶ್. ಅದೇ ಪ್ರಶ್ನೆ ಮತ್ತೆ ಬಂದರೆ ರಿಜಿಸ್ಟರ್ ಮುಟ್ಟುವುದೇ ಬೇಡ. ಚೀಟಿ ತೆಗೆದು ಓದಿದರೆ ಸಾಕು.

"ಕ್ಯಾಶ್‌ನಿಂದ ಬಂತು" ಅಂತ ಯಾರಾದರೂ ಹೇಳಿದರೆ ಯಾವ ಕ್ಯಾಶ್ ಅಂತ ಕೇಳಲೇಬೇಕು. ಮೇಜಿನಿಂದಲೋ, ಡ್ರಾಯರಿಂದಲೋ? ಎರಡರ ಗುಣವೂ ಬೇರೆ, ತೊಂದರೆಯೂ ಬೇರೆ.

ಡೇರಿಯಲ್ಲಿ ಇದ್ದದ್ದು ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನ 5.7ನೇ ಆವೃತ್ತಿ. ಮೈಎಸ್‌ಕ್ಯೂಎಲ್‌ಗೆ ಕ್ವೆರಿ ಕ್ಯಾಶ್ ಬಂದದ್ದು 4.0.1ರಲ್ಲಿ. ಆಗಿನ ವೆಬ್‌ಸೈಟುಗಳಿಗೆ ಅದು ಚೆನ್ನಾಗಿ ಹೊಂದಿತು. ಬರೆಯುವುದು ಕಡಿಮೆ, ಓದುವುದು ಜಾಸ್ತಿ, ಮಷಿನ್ನಿಗೆ ಒಂದೋ ಎರಡೋ ಕೋರ್. ಆಮೇಲೆ ಕಾಲ ಬದಲಾಯಿತು. 5.6ರ ಹೊತ್ತಿಗೆ ಅದನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. 2017ರಲ್ಲಿ 5.7.20 ಬಂದಾಗ, ಇದನ್ನು ಇನ್ನು ತೆಗೆಯುತ್ತೇವೆ ಅಂತ ಸೂಚನೆ ಕೊಟ್ಟರು. 8.0ರಲ್ಲಿ ತೆಗೆದೇಬಿಟ್ಟರು. ಹಾಗಿದ್ದರೆ ಡೇರಿಯ 5.7ರಲ್ಲಿ ಅದು ಆನ್ ಆಗಿದ್ದು ಹೇಗೆ? ಯಾರೋ ಯಾವುದೋ ಹಳೆಯ ಕಾನ್ಫಿಗ್ ಫೈಲನ್ನು (ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲು) ಹಾಗೇ ತಂದು ಹಾಕಿದ್ದರು. ಇದು ತುಂಬಾ ಕಡೆ ಕಾಣುತ್ತದೆ. ಸರ್ವರ್ ಬದಲಾದರೂ ಕಾನ್ಫಿಗ್ ಫೈಲ್ ಮಾತ್ರ ಅಜ್ಜನ ಕಾಲದ್ದೇ ಇರುತ್ತದೆ.

ಈ ಡ್ರಾಯರಿನ ನಿಯಮಗಳು ಬಹಳ ಕಟ್ಟುನಿಟ್ಟು. ಪ್ರಶ್ನೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಡೇಟಾ ಓದುವ ಕ್ವೆರಿ ಶುರುವಾಗುವ ಸೆಲೆಕ್ಟ್ ಅನ್ನುವ ಪದವನ್ನು ಒಮ್ಮೆ ದೊಡ್ಡ ಅಕ್ಷರದಲ್ಲಿ, ಒಮ್ಮೆ ಸಣ್ಣ ಅಕ್ಷರದಲ್ಲಿ ಬರೆದರೆ ಅವು ಎರಡು ಬೇರೆ ಪ್ರಶ್ನೆ. ನಡುವೆ ಒಂದು ಸ್ಪೇಸ್ ಜಾಸ್ತಿಯಾದರೂ ಬೇರೆ. ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಸಂಕೇತವಾಗಿ ಬರೆಯುವ ರೀತಿ) ಬೇರೆಯಾದರೂ ಬೇರೆ. ಕ್ವೆರಿಯೊಳಗೆ ಈಗಿನ ಸಮಯ, ಇವತ್ತಿನ ತಾರೀಖು ಕೊಡುವ ನೌ ಅಥವಾ ಕರ್‌ಡೇಟ್ ತರಹದ ಫಂಕ್ಷನ್ ಇದ್ದರೆ ಅದನ್ನು ಡ್ರಾಯರಿಗೆ ಹಾಕುವುದೇ ಇಲ್ಲ, ಯಾಕೆಂದರೆ ಈಗಿನ ಉತ್ತರ ಆಮೇಲೆ ಸರಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ರ‍್ಯಾಂಡ್ (ಪ್ರತಿ ಸಲ ಬೇರೆ ಸಂಖ್ಯೆ ಕೊಡುವ ಫಂಕ್ಷನ್), ಟೆಂಪರರಿ ಟೇಬಲ್, ಓದಿದ ಸಾಲಿಗೆ ಬೀಗ ಹಾಕುವ ಫಾರ್ ಅಪ್‌ಡೇಟ್ ಹಾಕಿದ ಸೆಲೆಕ್ಟ್, ಇವಕ್ಕೂ ಜಾಗ ಇಲ್ಲ. ಕ್ಯಾಶ್ ಆನ್ ಇದೆ, ಆದರೂ ಉಪಯೋಗ ಆಗುತ್ತಿಲ್ಲ ಅನ್ನುವವರು ಮೊದಲು ಇಲ್ಲಿ ಹುಡುಕಬೇಕು. "ಇವತ್ತಿನ" ಅನ್ನುವುದನ್ನು ಕರ್‌ಡೇಟ್ ಬಿಟ್ಟು ತಾರೀಖನ್ನೇ ಬರೆದು ಕಳಿಸಿದರೆ ಎಷ್ಟೋ ಕ್ವೆರಿಗಳು ಕ್ಯಾಶ್ ಆಗಲು ಶುರುವಾಗುತ್ತವೆ.

ಆದರೆ ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ಒಂದು ಟೇಬಲ್‌ಗೆ (ಡೇಟಾವನ್ನು ಸಾಲುಸಾಲಾಗಿ ಇಡುವ ಪಟ್ಟಿಗೆ) ಒಂದೇ ಒಂದು ಸಾಲು ಸೇರಿದರೂ, ಬದಲಾದರೂ, ಅಳಿಸಿದರೂ, ಆ ಟೇಬಲ್ ಮುಟ್ಟಿದ ಎಲ್ಲ ಉತ್ತರಗಳನ್ನೂ ಎಸೆಯಲಾಗುತ್ತದೆ. ಬದಲಾದ ಸಾಲಿಗೂ ಆ ಉತ್ತರಕ್ಕೂ ಸಂಬಂಧ ಇದೆಯೋ ಇಲ್ಲವೋ ಅಂತ ನೋಡುವುದಿಲ್ಲ. ಇದು ದಡ್ಡತನ ಅನ್ನಿಸಬಹುದು, ಆದರೆ ಇದರ ಹಿಂದೆ ಒಂದು ಒಳ್ಳೆಯ ಕಾರಣ ಇದೆ. ಈ ಕ್ಯಾಶ್ ಯಾವತ್ತೂ ಹಳಸಿದ ಉತ್ತರ ಕೊಡಬಾರದು ಅಂತ ಮಾಡಿದ್ದು. ಯಾವ ಬದಲಾವಣೆಯಿಂದ ಯಾವ ಉತ್ತರ ಕೆಟ್ಟಿತು ಅಂತ ಲೆಕ್ಕ ಹಾಕುತ್ತಾ ಕೂತರೆ ಆ ಲೆಕ್ಕವೇ ಕ್ವೆರಿಗಿಂತ ದುಬಾರಿಯಾಗುತ್ತದೆ. ಅದಕ್ಕೆ ಎಲ್ಲವನ್ನೂ ಎಸೆದುಬಿಡುತ್ತದೆ.

ಈಗ ಡೇರಿಗೆ ವಾಪಸ್ ಬನ್ನಿ. ಮಧ್ಯಾಹ್ನ ಎರಡಕ್ಕೆ ಯಾರೂ ಹಾಲು ಹಾಕುವುದಿಲ್ಲ. ಟೇಬಲ್ ಸುಮ್ಮನೆ ಮಲಗಿರುತ್ತದೆ. ನಾನು ಅದೇ ಸದಸ್ಯರ ನಂಬರ್ ಹಾಕಿ ಅದೇ ಕ್ವೆರಿ ಮತ್ತೆ ಮತ್ತೆ ಓಡಿಸಿದೆ. ಎರಡನೇ ಸಲದಿಂದ ನನಗೆ ಸಿಕ್ಕಿದ್ದು ಡ್ರಾಯರಿನ ಚೀಟಿ, ಅಷ್ಟೇ. ಬೆಳಗ್ಗೆ ಏನಾಗುತ್ತದೆ? ರೈತ ಹಾಲು ಹಾಕುತ್ತಾನೆ. ಟೇಬಲ್‌ಗೆ ಒಂದು ಸಾಲು ಸೇರುತ್ತದೆ. ಆ ಕ್ಷಣಕ್ಕೆ ಡ್ರಾಯರ್ ಖಾಲಿ. ಆಮೇಲೆ ಅವನ ಒಟ್ಟು ಲೆಕ್ಕದ ಕ್ವೆರಿ ಓಡುತ್ತದೆ, 9 ಸೆಕೆಂಡ್. ಉತ್ತರವನ್ನು ಡ್ರಾಯರಿಗೆ ಹಾಕುತ್ತದೆ. ಮುಂದಿನ ರೈತ ಬರುತ್ತಾನೆ, ಮತ್ತೆ ಖಾಲಿ. ಇಲ್ಲಿ ಕ್ಯಾಶ್ ಒಂದು ಸಲವೂ ಕೆಲಸಕ್ಕೆ ಬರಲು ಸಾಧ್ಯವೇ ಇರಲಿಲ್ಲ. ಬಂದಿದ್ದರೂ ತಪ್ಪಾಗುತ್ತಿತ್ತು. ಈಗ ತಾನೇ ಹಾಕಿದ ಹಾಲು ಸೇರದ ಹಳೆಯ ಒಟ್ಟನ್ನು ರೈತನ ಚೀಟಿಯಲ್ಲಿ ಅಚ್ಚು ಹಾಕಿ ಕೊಟ್ಟರೆ ಅವನು ಡೇರಿಯನ್ನು ನಂಬುವುದಾದರೂ ಹೇಗೆ?

ಇದನ್ನು ಊಹೆ ಮಾಡಬೇಕಿಲ್ಲ, ಎಣಿಕೆ ಇದೆ. ಸರ್ವರಿನ ಎಣಿಕೆಗಳನ್ನು ತೋರಿಸುವ ಶೋ ಗ್ಲೋಬಲ್ ಸ್ಟೇಟಸ್ ಅನ್ನುವ ಆಜ್ಞೆಯಲ್ಲಿ ಕ್ಯೂಕ್ಯಾಶ್ ಹೆಸರಿನಿಂದ ಶುರುವಾಗುವ ಕೆಲವು ಅಂಕಿಗಳು ಸಿಗುತ್ತವೆ. ಹಿಟ್ಸ್ ಅಂದರೆ ಡ್ರಾಯರಿಂದಲೇ ಸಿಕ್ಕ ಉತ್ತರಗಳು. ಮೈಎಸ್‌ಕ್ಯೂಎಲ್‌ನಲ್ಲಿ ಹಿಟ್ ಆದ ಕ್ವೆರಿ, ಓಡಿದ ಸೆಲೆಕ್ಟ್‌ಗಳನ್ನು ಎಣಿಸುವ ಕಾಮ್‌ಸೆಲೆಕ್ಟ್ ಅನ್ನುವ ಎಣಿಕೆಗೆ ಸೇರುವುದಿಲ್ಲ. ಆದ್ದರಿಂದ ಹಿಟ್ಸ್ ಮತ್ತು ಕಾಮ್‌ಸೆಲೆಕ್ಟ್ ಎರಡನ್ನೂ ಕೂಡಿಸಿ, ಆ ಮೊತ್ತದಿಂದ ಹಿಟ್ಸ್ ಅನ್ನು ಭಾಗಿಸಿ. ಹಿಟ್ಸ್ 50, ಕಾಮ್‌ಸೆಲೆಕ್ಟ್ 950 ಇದ್ದರೆ ನೂರಕ್ಕೆ 5. ಅಷ್ಟಕ್ಕೆ ಕ್ಯಾಶ್ ಇಟ್ಟುಕೊಳ್ಳುವುದರಲ್ಲಿ ಅರ್ಥ ಇಲ್ಲ. ಒಂದು ಎಚ್ಚರಿಕೆ: ಈ ಅಂಕಿಗಳು ಸರ್ವರ್ ಶುರುವಾದಾಗಿನಿಂದ ಕೂಡುತ್ತಾ ಬಂದವು. ಬೆಳಗ್ಗೆ ಆರಕ್ಕೆ ಒಮ್ಮೆ, ಏಳೂವರೆಗೆ ಒಮ್ಮೆ ಬರೆದುಕೊಂಡು ಕಳೆಯಿರಿ. ಆಗ ಮಾತ್ರ ಜನ ಇದ್ದ ಹೊತ್ತಿನ ಸತ್ಯ ಗೊತ್ತಾಗುತ್ತದೆ.

ಲೋಮೆಮ್ ಪ್ರೂನ್ಸ್ ಅನ್ನುವ ಅಂಕಿ ಏರುತ್ತಾ ಹೋದರೆ ಜಾಗ ಸಾಲದೆ ಹಳೆಯ ಚೀಟಿಗಳನ್ನು ಹೊರಗೆ ಹಾಕುತ್ತಿದೆ ಅಂತ ಅರ್ಥ. ಇದನ್ನು ನೋಡಿದ ತಕ್ಷಣ ಕ್ವೆರಿ ಕ್ಯಾಶ್ ಸೈಜನ್ನು 512 ಎಂಬಿಗೆ ಏರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹತ್ತಿಪ್ಪತ್ತು ಎಂಬಿ ಮಟ್ಟದಲ್ಲಿ ಉಪಯೋಗ ಆಗಬಹುದು, ನೂರಾರು ಎಂಬಿ ಆದರೆ ಆಗದೇ ಇರಬಹುದು ಅಂತ ಮೈಎಸ್‌ಕ್ಯೂಎಲ್ ಕೈಪಿಡಿಯೇ ಹೇಳುತ್ತಿತ್ತು. ಕಾರಣ, ಡ್ರಾಯರಿಗೆ ಇರುವುದು ಒಂದೇ ಬೀಗ. ಚೀಟಿ ಹಾಕುವವರು, ತೆಗೆಯುವವರು, ಎಸೆಯುವವರು ಎಲ್ಲರೂ ಆ ಒಂದೇ ಬೀಗಕ್ಕೆ ಕಾಯಬೇಕು. ಡ್ರಾಯರ್ ದೊಡ್ಡದಾದಷ್ಟೂ ಎಸೆಯುವ ಕೆಲಸ ಜಾಸ್ತಿ ಹೊತ್ತು ಹಿಡಿಯುತ್ತದೆ, ಉಳಿದವರು ನಿಂತಿರುತ್ತಾರೆ. ಈಗ ಓಡುತ್ತಿರುವ ಕ್ವೆರಿಗಳ ಪಟ್ಟಿ ತೋರಿಸುವ ಶೋ ಪ್ರೊಸೆಸ್‌ಲಿಸ್ಟ್‌ನಲ್ಲಿ "ವೇಟಿಂಗ್ ಫಾರ್ ಕ್ವೆರಿ ಕ್ಯಾಶ್ ಲಾಕ್" ಅಂತ ಸಾಲುಸಾಲಾಗಿ ಕಂಡರೆ ಆಗುತ್ತಿರುವುದು ಇದೇ. ಎಂಟು, ಹದಿನಾರು ಕೋರ್ ಇರುವ ಮಷಿನ್ನಿನಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಕೊನೆಗೆ ಮೈಎಸ್‌ಕ್ಯೂಎಲ್ ಇದನ್ನು ತೆಗೆದುಹಾಕಲು ದೊಡ್ಡ ಕಾರಣವೂ ಇದೇ.

ಸರಿ, ಕ್ಯಾಶ್ ನನಗೆ ಮೋಸ ಮಾಡಿತ್ತು. ಆದರೆ 9 ಸೆಕೆಂಡ್ ಆಗಿದ್ದು ಕ್ಯಾಶ್‌ನಿಂದ ಅಲ್ಲ. ನಿಜವಾದ ರೋಗ ಕ್ವೆರಿಯೊಳಗೇ ಇತ್ತು. ಕ್ಯಾಶ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ.

ಅದನ್ನು ಹಿಡಿಯಲು ಮೊದಲು ಸೆಲೆಕ್ಟ್ ಪಕ್ಕದಲ್ಲಿ ಎಸ್‌ಕ್ಯೂಎಲ್ ನೋ ಕ್ಯಾಶ್ ಅಂತ ಸೇರಿಸಿದೆ. ಆಗ ಸರ್ವರ್ ಡ್ರಾಯರ್ ನೋಡುವುದೂ ಇಲ್ಲ, ಅದಕ್ಕೆ ಹಾಕುವುದೂ ಇಲ್ಲ. ಇದರಿಂದ ಮೇಜಿನ ಮೇಲಿನ ರಿಜಿಸ್ಟರ್ ಖಾಲಿಯಾಗುವುದಿಲ್ಲ, ಅಂದರೆ ಬಫರ್ ಪೂಲ್ ಹಾಗೇ ಇರುತ್ತದೆ. ಇದು ನೆನಪಿರಲಿ. ಅದಕ್ಕೇ ನಾನು ಈಗ ಸೆಕೆಂಡುಗಳನ್ನು ನೋಡುವುದಕ್ಕಿಂತ ಎಷ್ಟು ಸಾಲು ಓದಿತು ಅನ್ನುವುದನ್ನು ನೋಡುತ್ತೇನೆ. ಎಣಿಕೆಗಳನ್ನು ಸೊನ್ನೆ ಮಾಡುವ ಫ್ಲಶ್ ಸ್ಟೇಟಸ್ ಕೊಟ್ಟು, ಕ್ವೆರಿ ಓಡಿಸಿ, ಓದಿದ ಸಾಲುಗಳನ್ನು ಎಣಿಸುವ ಹ್ಯಾಂಡ್ಲರ್ ರೀಡ್ ಅಂಕಿಗಳನ್ನು ನೋಡಿದರೆ ಸಾಕು. ಸೆಕೆಂಡು ಹೊತ್ತಿಗೆ ತಕ್ಕ ಹಾಗೆ ಬದಲಾಗುತ್ತದೆ. ಓದಿದ ಸಾಲುಗಳ ಲೆಕ್ಕ ಬದಲಾಗುವುದಿಲ್ಲ.

ಅಲ್ಲಿ ಕಂಡ ಅಂಕಿ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. 600 ಜನ, ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 4,38,000 ಸಾಲು. ಐದು ವರ್ಷಕ್ಕೆ ಹತ್ತಿರ ಹತ್ತಿರ 22 ಲಕ್ಷ. ಒಬ್ಬ ರೈತನ ಹದಿನೈದು ದಿನದ ಲೆಕ್ಕಕ್ಕೆ ಬೇಕಾದದ್ದು 30 ಸಾಲು. ಕ್ವೆರಿ ಓದುತ್ತಿದ್ದದ್ದು 22 ಲಕ್ಷವನ್ನೂ.

ಸದಸ್ಯರ ನಂಬರಿನ ಮೇಲೆ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿದ ಸೂಚಿ) ಇತ್ತು. ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ, ಬಳಸಬಹುದಾದ ಇಂಡೆಕ್ಸ್‌ಗಳ ಕಾಲಂನಲ್ಲಿ ಅದರ ಹೆಸರು ಇದೆ. ಬಳಸಿದ ಇಂಡೆಕ್ಸ್ ಅನ್ನುವ ಕಾಲಂನಲ್ಲಿ ನಲ್, ಅಂದರೆ ಖಾಲಿ. ಇದೆ, ಆದರೆ ಬಳಸಲಿಲ್ಲ. ಯಾಕೆ? ಟೇಬಲ್‌ನಲ್ಲಿ ಸದಸ್ಯರ ನಂಬರನ್ನು ಅಕ್ಷರದ ರೂಪದಲ್ಲಿ ಇಟ್ಟಿದ್ದರು, 0042 ಅಂತ. ಮುಂದಿನ ಸೊನ್ನೆಗಳು ಉಳಿಯಲಿ ಅಂತ ಹಾಗೆ ಮಾಡಿದ್ದು. ಕ್ವೆರಿಯಲ್ಲಿ ಮಾತ್ರ ಬರೀ 42 ಅಂತ ಸಂಖ್ಯೆ ಕಳಿಸುತ್ತಿದ್ದರು, ಕೋಟ್ ಇಲ್ಲದೆ. ಅಕ್ಷರವನ್ನು ಸಂಖ್ಯೆಯ ಜೊತೆ ಹೋಲಿಸು ಅಂದರೆ ಮೈಎಸ್‌ಕ್ಯೂಎಲ್ ಪ್ರತಿಯೊಂದು ಸಾಲಿನ ಅಕ್ಷರವನ್ನೂ ಸಂಖ್ಯೆಯಾಗಿ ಮಾಡಿ ನೋಡುತ್ತದೆ. 42, 042, 0042 ಎಲ್ಲವೂ ಸಂಖ್ಯೆಯಾಗಿ 42 ತಾನೇ? ಅಕ್ಷರಗಳ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸ್‌ನಲ್ಲಿ ಇವು ಮೂರೂ ಬೇರೆ ಬೇರೆ ಜಾಗದಲ್ಲಿ ಇರುತ್ತವೆ. ಹಾಗಾಗಿ ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದುತ್ತದೆ. ಉತ್ತರ ಮಾತ್ರ ಸರಿಯಾಗೇ ಬರುತ್ತದೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ. ಮೊದಲ ವರ್ಷ ಟೇಬಲ್ ಚಿಕ್ಕದಿತ್ತು, ಒಂದೆರಡು ಸೆಕೆಂಡ್ ಯಾರ ಗಮನಕ್ಕೂ ಬರಲಿಲ್ಲ.

ಮುಂದಿನ ಸೊನ್ನೆಗಳ ಸಮೇತ 0042 ಅಂತಲೇ ಬರೆದು, ಎರಡು ಕೋಟ್ ಗುರುತು ಹಾಕಿದೆ. ಸದಸ್ಯರ ನಂಬರ್ ಮತ್ತು ತಾರೀಖು ಎರಡನ್ನೂ ಸೇರಿಸಿ, ಅದೇ ಕ್ರಮದಲ್ಲಿ ಒಂದು ಇಂಡೆಕ್ಸ್ ಮಾಡಿದೆ. ಓದುವ ಸಾಲು 22 ಲಕ್ಷದಿಂದ 30ಕ್ಕೆ ಇಳಿಯಿತು. ನಂಬರಿನ ಇಂಡೆಕ್ಸ್ ಒಂದೇ ಇದ್ದಿದ್ದರೆ ಐದು ವರ್ಷದ 3,650 ಸಾಲು ಓದಬೇಕಿತ್ತು. ಅದೂ ಪರವಾಗಿಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಎರಡೂ ಸೇರಿದರೆ ಎಷ್ಟು ವರ್ಷ ಆದರೂ 30ರ ಆಸುಪಾಸೇ.

ಇದರ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. ತಾರೀಖಿನ ಕಾಲಂಗೆ ಇಯರ್, ಮಂತ್ ಅಂತ ಫಂಕ್ಷನ್ ಸುತ್ತಿ ಹೋಲಿಸಿದರೂ ಆ ಕಾಲಂನ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆಯಿರಿ. ಪದದ ತುಣುಕು ಹುಡುಕುವ ಲೈಕ್‌ನಲ್ಲಿ ಶುರುವಿನಲ್ಲೇ ಶೇಕಡಾ ಗುರುತು ಹಾಕಿದರೂ ಅದೇ ಪಾಡು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಸ್ಲೋ ಕ್ವೆರಿ ಲಾಗ್ ಆನ್ ಮಾಡಿಟ್ಟಿದ್ದೆ, ಆದರೂ ಈ ಕ್ವೆರಿ ಅದರಲ್ಲಿ ಬಿದ್ದಿರಲಿಲ್ಲ. ಎಷ್ಟು ಹೊತ್ತು ಮೀರಿದರೆ ನಿಧಾನ ಅಂತ ಬರೆಯಬೇಕು ಅನ್ನುವ ಸೆಟ್ಟಿಂಗ್ ಡೀಫಾಲ್ಟ್ ಆಗಿ 10 ಸೆಕೆಂಡ್. ನಮ್ಮದು 9. ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ಲಾಗ್ ಖಾಲಿ ಇದೆ ಅಂತ ನೆಮ್ಮದಿಯಾಗಿರಬೇಡಿ, ಅದನ್ನು 1 ಸೆಕೆಂಡಿಗೆ ಇಳಿಸಿ. ಮತ್ತೆ, ಕ್ವೆರಿ ಕ್ಯಾಶ್‌ನಿಂದ ಬಂದ ಉತ್ತರಗಳು ಈ ಲಾಗ್‌ಗೆ ಬರುವುದೇ ಇಲ್ಲ ಅನ್ನುವುದೂ ಗೊತ್ತಿರಲಿ.

ಇಷ್ಟಾದ ಮೇಲೂ ಬೆಳಗಿನ ಮೊದಲ ಹತ್ತು ನಿಮಿಷ ಸ್ವಲ್ಪ ಭಾರ ಅನ್ನಿಸುತ್ತಿತ್ತು. ಅದರ ಕಾರಣ ಗೋಡೆಯ ಮೇಲಿತ್ತು. ರಾತ್ರಿ ಬೀಗ ಹಾಕುವವರು ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಿದ್ದರು. ಬೆಳಗ್ಗೆ ಸರ್ವರ್ ಎದ್ದಾಗ ಮೇಜು ಪೂರ್ತಿ ಖಾಲಿ. ಪ್ರತಿ ರಿಜಿಸ್ಟರನ್ನೂ ಮತ್ತೆ ಒಳಗಿನಿಂದ ತರಬೇಕು. 5.7ರಿಂದ ಮೈಎಸ್‌ಕ್ಯೂಎಲ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ನಿಲ್ಲುವ ಮುಂಚೆ ಬಫರ್ ಪೂಲ್‌ನಲ್ಲಿ ಯಾವ ಯಾವ ಪೇಜ್ (ಡೇಟಾದ ತುಂಡುಗಳು) ಇದ್ದವು ಅಂತ ಪಟ್ಟಿ ಬರೆದಿಟ್ಟು, ಎದ್ದ ಮೇಲೆ ಅವನ್ನು ತಾನೇ ತಂದುಕೊಳ್ಳುತ್ತದೆ. ಆದರೆ ಅದು ಸರಿಯಾಗಿ ಶಟ್‌ಡೌನ್ ಮಾಡಿದಾಗ ಮಾತ್ರ. ಕರೆಂಟ್ ಕಿತ್ತರೆ ಪಟ್ಟಿ ಬರೆಯಲು ಸಮಯ ಎಲ್ಲಿ? ದಿನಾ ಕರೆಂಟ್ ಕಿತ್ತರೂ ಡೇಟಾ ಉಳಿದದ್ದು ಇನ್ನೋಡಿಬಿಯ (ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಭಾಗ) ರೀಡೂ ಲಾಗ್‌ನ, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ಲಾಗ್‌ನ ಪುಣ್ಯ. ಅದನ್ನೇ ನಂಬಿ ದಿನಾ ಹೀಗೆ ಮಾಡುವುದು ಬೇಡ ಅಂತ ಸ್ವಿಚ್ ಪಕ್ಕದಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದೆ. ಜೊತೆಗೆ ಬಫರ್ ಪೂಲ್ ಸೈಜ್ ಡೀಫಾಲ್ಟ್ 128 ಎಂಬಿಯಲ್ಲೇ ಇತ್ತು. ಮಷಿನ್ನಿಗೆ 4 ಜಿಬಿ ರ‍್ಯಾಮ್ ಇದ್ದದ್ದರಿಂದ ಅದನ್ನು 1 ಜಿಬಿ ಮಾಡಿದೆ. ಕ್ವೆರಿ ಕ್ಯಾಶ್‌ಗೆ ಕೊಡುವ ಮೆಮೊರಿಯನ್ನು ಬಫರ್ ಪೂಲ್‌ಗೆ ಕೊಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಸಾಲು ಸೇರಿದರೆ ಚೀಟಿಗಳೆಲ್ಲ ಹೋಗುತ್ತವೆ. ಮೇಜಿನ ಮೇಲಿನ ರಿಜಿಸ್ಟರ್ ಎಲ್ಲೂ ಹೋಗುವುದಿಲ್ಲ, ಅದರಲ್ಲೇ ಹೊಸ ಸಾಲು ಬರೆಯಲಾಗುತ್ತದೆ.

ಕ್ವೆರಿ ಕ್ಯಾಶನ್ನು ಆಫ್ ಮಾಡುವಾಗ ಕಾನ್ಫಿಗ್ ಫೈಲಿನಲ್ಲಿ ಟೈಪ್ ಮತ್ತು ಸೈಜ್ ಎರಡನ್ನೂ ಸೊನ್ನೆ ಮಾಡಿ ಸರ್ವರ್ ರೀಸ್ಟಾರ್ಟ್ ಮಾಡಿ. ಶುರುವಿನಲ್ಲೇ ಟೈಪ್ ಸೊನ್ನೆ ಇದ್ದರೆ ಆ ಬೀಗದ ತಂಟೆಯೇ ಇರುವುದಿಲ್ಲ. 8.0ಕ್ಕೆ ಹೋಗುವವರು ಈ ಸಾಲುಗಳನ್ನು ಪೂರ್ತಿ ಅಳಿಸಬೇಕು, ಸೊನ್ನೆ ಮಾಡಿದರೆ ಸಾಲದು. ಸಾಲು ಇದ್ದರೆ "ಅನ್‌ನೋನ್ ವೇರಿಯಬಲ್" ಅಂತ ಎರರ್ ಲಾಗ್‌ನಲ್ಲಿ ಬರೆದು ಸರ್ವರ್ ಏಳುವುದೇ ಇಲ್ಲ. ಅಪ್‌ಗ್ರೇಡ್ ಮಾಡಿ ಡೇಟಾ ಹೋಯಿತು ಅಂತ ಹೆದರಿ ಕೂತವರು ಮೊದಲು ಆ ಲಾಗಿನ ಕೊನೆಯ ಹತ್ತು ಸಾಲು ಓದಿ. ಪ್ರೋಗ್ರಾಮಿನೊಳಗೆ ಎಲ್ಲಾದರೂ ಎಸ್‌ಕ್ಯೂಎಲ್ ಕ್ಯಾಶ್ ಅಂತ ಬರೆದಿದ್ದರೆ ಅದೂ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿಯಲ್ಲಿ ಮಾತ್ರ ಕ್ವೆರಿ ಕ್ಯಾಶ್ ಇನ್ನೂ ಉಳಿದಿದೆ, ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಇಂಥ ಚೀಟಿಯ ಡ್ರಾಯರ್ ಮೊದಲಿನಿಂದಲೂ ಇಲ್ಲ. ಅಲ್ಲಿ ಎಕ್ಸ್‌ಪ್ಲೇನ್ ಅನಲೈಜ್ ಜೊತೆ ಬಫರ್ಸ್ ಅಂತ ಸೇರಿಸಿದರೆ ಎಷ್ಟು ಪೇಜ್ ಮೇಜಿನಿಂದ ಸಿಕ್ಕಿತು, ಎಷ್ಟನ್ನು ಹೊರಗಿನಿಂದ ತಂದಿತು ಅಂತ ಬಿಡಿಸಿ ತೋರಿಸುತ್ತದೆ. ಈ ಒಂದು ವಿಷಯಕ್ಕೆ ನನಗೆ ಪೋಸ್ಟ್‌ಗ್ರೆಸ್ ತುಂಬಾ ಇಷ್ಟ.

ಹಾಗಾದರೆ ಉತ್ತರಗಳನ್ನು ಕ್ಯಾಶ್ ಮಾಡುವುದೇ ತಪ್ಪಾ? ಅಲ್ಲ. ಡೇರಿಯ ದರಪಟ್ಟಿಯನ್ನೇ ನೋಡಿ. ಯಾವ ಫ್ಯಾಟ್‌ಗೆ ಎಷ್ಟು ರೂಪಾಯಿ ಅನ್ನುವುದು ಅಪರೂಪಕ್ಕೆ ಬದಲಾಗುತ್ತದೆ, ಆದರೆ ಪ್ರತಿ ಚೀಟಿಗೂ ಬೇಕು. ಅದನ್ನು ಪ್ರೋಗ್ರಾಮ್ ಶುರುವಾದಾಗ ಒಮ್ಮೆ ಓದಿ ಇಟ್ಟುಕೊಂಡು, ದರ ಬದಲಾದಾಗ ಮತ್ತೆ ಓದಿದರೆ ಆಯಿತು. ದೊಡ್ಡ ವೆಬ್‌ಸೈಟುಗಳು ರೆಡಿಸ್, ಮೆಮ್‌ಕ್ಯಾಶ್ಡ್ ಅನ್ನುವ ಪ್ರತ್ಯೇಕ ಕ್ಯಾಶ್ ಸಾಫ್ಟ್‌ವೇರ್‌ಗಳನ್ನು ಬಳಸುವುದೂ ಇದೇ ಕೆಲಸಕ್ಕೆ. ಅಲ್ಲಿ ಯಾವ ಉತ್ತರ ಎಷ್ಟು ಹೊತ್ತು ಬಾಳುತ್ತದೆ ಅಂತ ತೀರ್ಮಾನ ಮಾಡುವುದು ನೀವು. ಕಳೆದ ತಿಂಗಳ ಬಟವಾಡೆಯ ವರದಿಗೆ ಪ್ರತಿ ಸಲ ಲಕ್ಷಗಟ್ಟಲೆ ಸಾಲು ಕೂಡಿಸಬೇಕಿಲ್ಲ. ಪಾಳಿ ಮುಗಿದಾಗ ಒಟ್ಟನ್ನು ಒಂದು ಚಿಕ್ಕ ಟೇಬಲ್‌ಗೆ ಬರೆದಿಟ್ಟರೆ ಸಾಕು. ರೈತನ ಕೈಗೆ ಹೋಗುವ ಇವತ್ತಿನ ಲೆಕ್ಕವನ್ನು ಮಾತ್ರ ಯಾವತ್ತೂ ಚೀಟಿಯಿಂದ ಓದಬೇಡಿ.

ದಿನನಿತ್ಯದ ಕೆಲಸಗಳಲ್ಲಿ ನಾನು ಬಿಡದೆ ಮಾಡುವುದು ಕೆಲವೇ. ಸ್ಲೋ ಲಾಗ್ ಮೇಲೆ ಕಣ್ಣಾಡಿಸುವುದು, ಡಿಸ್ಕ್‌ನಲ್ಲಿ ಜಾಗ ನೋಡುವುದು, ಯಾವುದಾದರೂ ಕ್ವೆರಿ ಗಂಟೆಗಟ್ಟಲೆ ನಿಂತಿದೆಯಾ ಅಂತ ಪ್ರೊಸೆಸ್‌ಲಿಸ್ಟ್ ನೋಡುವುದು. ದೊಡ್ಡ ಮಟ್ಟದಲ್ಲಿ ಡೇಟಾ ತುಂಬಿದ ಮೇಲೆ ಇಂಡೆಕ್ಸ್‌ಗಳ ಅಂಕಿಅಂಶ ಹೊಸದು ಮಾಡುವ ಅನಲೈಜ್ ಟೇಬಲ್ ಕೊಡುವುದು. ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಯಾಗಿ ಕಂಡರೆ ಅವತ್ತೇ ಹಿಡಿಯಬೇಕು. ಇಂಗ್ಲಿಷ್‌ನಂಥ ಲಿಪಿಗಷ್ಟೇ ಜಾಗ ಇರುವ ಲ್ಯಾಟಿನ್1 ಕಾಲಂಗೆ ಕನ್ನಡ ಹೋಗಿ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆಗಿದ್ದರೆ ಆ ಹೆಸರು ಮತ್ತೆ ಬರುವುದಿಲ್ಲ.

ಬ್ಯಾಕಪ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಡೇರಿಯಲ್ಲಿ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಬೆಳಗ್ಗೆ ಆರೂವರೆಗೆ ಓಡುವ ಹಾಗೆ ಇಟ್ಟಿದ್ದರು, ಕರೆಂಟ್ ಇರುವ ಹೊತ್ತು ಅಂತ. ಸುಮ್ನೆ ಓಡಿಸಿದರೆ ಅದು ಟೇಬಲ್‌ಗಳಿಗೆ ಬೀಗ ಹಾಕುತ್ತದೆ. ಮುಗಿಯುವವರೆಗೆ ಹೊಸ ಸಾಲು ಸೇರುವುದಿಲ್ಲ, ಹಾಲಿನ ಸಾಲು ಅಲ್ಲೇ ನಿಲ್ಲುತ್ತದೆ. ಸಿಂಗಲ್ ಟ್ರಾನ್ಸಾಕ್ಷನ್ ಅನ್ನುವ ಆಯ್ಕೆ ಸೇರಿಸಿದರೆ ಇನ್ನೋಡಿಬಿ ಟೇಬಲ್‌ಗಳಿಗೆ ಆ ಬೀಗ ಬೇಕಾಗುವುದಿಲ್ಲ. ಅದನ್ನು ಸೇರಿಸಿ, ಹೊತ್ತನ್ನೂ ಮಧ್ಯಾಹ್ನ ಒಂದಕ್ಕೆ ಬದಲಿಸಿದೆ. ಆಮೇಲೆ ತಿಂಗಳಿಗೊಮ್ಮೆ ಆ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ತಂದು ರಿಸ್ಟೋರ್ ಮಾಡುತ್ತಿದ್ದೆ. ಹಿಂದಿನ ಸಂಜೆಯ ಪಾಳಿಯ ಒಟ್ಟು ಲೀಟರ್ ತೆಗೆದು ಕಾರ್ಯದರ್ಶಿಗೆ ಫೋನ್‌ನಲ್ಲಿ ಓದುತ್ತಿದ್ದೆ. ಅವರು ತಮ್ಮ ಕೈಬರಹದ ರಿಜಿಸ್ಟರ್ ತೆಗೆದು, ಬೆರಳಿಟ್ಟು ನೋಡಿ, "ಹೂಂ, ಸರಿಯಿದೆ" ಅಂದ ಮೇಲೇ ಹಳೆಯ ಬ್ಯಾಕಪ್ ಅಳಿಸುತ್ತಿದ್ದೆ.